ಹಗೇವಿನ ಧಾನ್ಯ, ಸಂಘದ ಸಾಲ: ನಮ್ಮ ಸೀಮೆಯ ಅನ್ನದ ಚರಿತ್ರೆಯಿಂದ ಕೆಲವು ಪುಟಗಳು

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನ ಬೇಕೆಂದು ಸಮಿತಿಯ ಬಂಧುಗಳು ಕೇಳಿದಾಗ ನಾನು ಸ್ವಲ್ಪ ಕಾಲ ಯೋಚಿಸಬೇಕಾಯಿತು. ದೇವಾಲಯದ ಗೋಡೆ, ಗೋಪುರ, ಗಂಟೆಗಳ ಕಥೆಯನ್ನೂ ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಗುರುಗಳ ಹಾಗೂ ಕನ್ಯಾಸ್ತ್ರೀಯರ ಸ್ಮರಣೆಯನ್ನೂ ಈ ಸಂಚಿಕೆಯ ಇತರ ಪುಟಗಳು ವಹಿಸಿಕೊಂಡಿವೆ. ಆ ಗೋಡೆಗಳಿಗೆ ಕಲ್ಲು ಹೊತ್ತವರು ಮನೆಗೆ ಹೋಗಿ ಏನನ್ನು ಉಂಡರು, ಎಷ್ಟೋ ದಿನ ಏಕೆ ಉಣ್ಣದೆ ಮಲಗಿದರು ಎಂಬ ಕಥೆ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಆ ಕಥೆಯನ್ನೇ ನನಗೆ ತಿಳಿದಷ್ಟು ಮಟ್ಟಿಗೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಇದು ದೇವಾಲಯದ ಸಂಚಿಕೆಗೆ ಹೊರಗಿನ ವಿಷಯವೆಂದು ಯಾರಿಗಾದರೂ ತೋರಿದರೆ, ಪ್ರಭುವು ಕಲಿಸಿದ ಪ್ರಾರ್ಥನೆಯನ್ನು ನೆನಪಿಗೆ ತಂದುಕೊಳ್ಳಬೇಕೆಂದು ವಿನಂತಿ. ಅದರಲ್ಲಿ ಅನುದಿನದ ಆಹಾರವನ್ನು ಬೇಡಿದ ಮರುಕ್ಷಣವೇ ನಾವು ಕ್ಷಮೆಯನ್ನು ಬೇಡುತ್ತೇವೆ. ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿಯೂ, ಸೆಮಿನರಿಯಲ್ಲಿ ನಾವು ಬಾಯಿಪಾಠ ಮಾಡಿದ ಲತೀನ್ ಪಾಠದಲ್ಲಿಯೂ ಆ ಎಡೆಯಲ್ಲಿರುವ ಪದದ ನೇರವಾದ ಅರ್ಥ 'ಸಾಲ' ಎಂದು. ಅನ್ನ ಮತ್ತು ಸಾಲ ಒಂದರ ಬೆನ್ನಿಗೆ ಇನ್ನೊಂದು ನಿಂತಿರುವುದು ಆಕಸ್ಮಿಕವೋ ಅಲ್ಲವೋ, ಅದನ್ನು ಶಾಸ್ತ್ರಜ್ಞರಿಗೆ ಬಿಡೋಣ. ನಮ್ಮ ಸೀಮೆಯ ಚರಿತ್ರೆಯಲ್ಲಂತೂ ಅವೆರಡೂ ಎಂದೂ ಅಗಲಿಲ್ಲ.

ನೂರು ವರ್ಷಗಳ ಹಿಂದೆ ಬಾದನಹಟ್ಟಿ, ಕುರುಗೋಡು, ಸಿರುಗುಪ್ಪಗಳು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯ ಊರುಗಳಾಗಿದ್ದುವು. ಇಂದಿನ ಕುರುಗೋಡು ತಾಲ್ಲೂಕು ಆಗ ಇರಲಿಲ್ಲ. ತುಂಗಭದ್ರೆಗೆ ಅಣೆಕಟ್ಟು ಇರಲಿಲ್ಲ. ಕಂಪ್ಲಿ, ಸಿರುಗುಪ್ಪ, ದೇಶನೂರುಗಳ ಕಡೆ ವಿಜಯನಗರದ ಅರಸರ ಕಾಲದ ಕಾಲುವೆಗಳು ನದಿಯಂಚಿನ ಕೆಲವು ಹೊಲಗಳಿಗೆ ನೀರುಣಿಸುತ್ತಿದ್ದುದನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಎರೆಹೊಲ. ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸಿನ ಮಳೆ, ಅದೂ ನಿಯಮವಿಲ್ಲದ್ದು. ಆ ಮಳೆಯಲ್ಲಿ ಜೋಳ, ನವಣೆ, ಸಜ್ಜೆ, ಹತ್ತಿ ಬೆಳೆಯಬೇಕು. ಎರೆಮಣ್ಣಿನ ಗುಣವೇ ಹಾಗೆ. ಒಮ್ಮೆ ನೆನೆದರೆ ತಿಂಗಳುಗಟ್ಟಲೆ ಬೆಳೆಯನ್ನು ಸಾಕುತ್ತದೆ. ನೆನೆಯದಿದ್ದರೆ ಕಾಲು ತೂರುವಷ್ಟು ಬಿರುಕು ಬಿಟ್ಟುಕೊಂಡು ಆಕಾಶ ನೋಡುತ್ತದೆ.

ಇಂಥ ನೆಲದಲ್ಲಿ ಬಾಳಿದ ನಮ್ಮ ಹಿರಿಯರು ಮಳೆಯನ್ನು ನಂಬಿ ಮೂರ್ಖರಾಗಲಿಲ್ಲ. ಅವರು ಹಗೇವು ತೋಡಿದರು. ಹೊಸ ತಲೆಮಾರಿನ ಮಕ್ಕಳು ಹಗೇವನ್ನು ಕಂಡಿರಲಾರರು: ನೆಲದೊಳಗೆ ಆಳವಾಗಿ ತೋಡಿ, ಒಳಗೆ ಹುಲ್ಲು ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಬಡಿದ ಕಣಜ ಅದು. ಒಳ್ಳೆಯ ಮಳೆಗಾಲದ ಧಾನ್ಯ ಕೆಟ್ಟ ಮಳೆಗಾಲದವರೆಗೆ ಅಲ್ಲಿ ಕಾದಿರುತ್ತಿತ್ತು. ಹಗೇವಿನ ಬಾಯಿ ತೆರೆದ ಕೂಡಲೆ ಒಳಗಿಳಿಯಬಾರದು, ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಕಾಯಬೇಕು ಎಂಬ ಎಚ್ಚರಿಕೆಯನ್ನು ಹಳಬರು ಇಂದಿಗೂ ಹೇಳುವುದುಂಟು.

ಹಗೇವು ಬರಿದಾದದ್ದು ಕೇವಲ ಮಳೆಯಿಲ್ಲದ್ದರಿಂದಲ್ಲ ಎಂಬುದು ಈ ಲೇಖನದ ಮುಖ್ಯ ಮಾತು. 1800ರಲ್ಲಿ ನಿಜಾಮನು ಈ ದತ್ತಮಂಡಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಲ್ಲಿಂದ 1807ರವರೆಗೆ ಇಲ್ಲಿಯ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೈತರೊಡನೆ ಸರ್ಕಾರವೇ ನೇರವಾಗಿ ಕಂದಾಯದ ವ್ಯವಹಾರ ನಡೆಸುವ ರಯತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಮನ್ರೋ ರೈತದ್ವೇಷಿಯಾಗಿರಲಿಲ್ಲ. ಕಂದಾಯ ಭಾರವಾಗಿದೆ, ಕಾಲು ಪಾಲು ಇಳಿಸಬೇಕು ಎಂದು ಇಲ್ಲಿಂದ ತೆರಳುವ ಮುನ್ನ ತಾನೇ ಶಿಫಾರಸು ಮಾಡಿದವನು. ಆದರೆ ಕಂದಾಯವನ್ನು ನಗದಾಗಿ, ಗೊತ್ತಾದ ಕಿಸ್ತಿನಲ್ಲಿ ಕಟ್ಟಬೇಕೆಂಬ ಕಟ್ಟಳೆಯ ಪರಿಣಾಮ ಬೇರೊಂದು ಬಗೆಯದಾಯಿತು. ಕಣದಲ್ಲಿ ರಾಶಿ ಮಾಡಿದ ಕೂಡಲೆ, ಬೆಲೆ ಅತ್ಯಂತ ಕಡಮೆ ಇರುವ ಹೊತ್ತಿನಲ್ಲೇ, ಬಡರೈತ ತನ್ನ ಜೋಳವನ್ನು ಮಾರಬೇಕಾಯಿತು. ಬಿತ್ತನೆಯ ಹೊತ್ತಿಗೆ ಅದೇ ಜೋಳವನ್ನು ಸಾಹುಕಾರನ ಮನೆಯಿಂದ ಏರಿದ ಬೆಲೆಗೆ ಕಡ ತರಬೇಕಾಯಿತು. ಒಂದು ಚೀಲ ತಂದರೆ ಒಂದೂವರೆ ಚೀಲ ಅಳೆಯುವ ಕರಾರು. 1870ರ ದಶಕದ ಆರಂಭದ ವೇಳೆಗೆ ಮದ್ರಾಸಿನಿಂದ ಬಳ್ಳಾರಿಗೆ ರೈಲು ಬಂತು. ಎಲ್ಲಿ ಬೆಲೆ ಹೆಚ್ಚೋ ಅಲ್ಲಿಗೆ ಧಾನ್ಯ ಹರಿದು ಹೋಗುವ ದಾರಿ ತೆರೆಯಿತು. ಹಗೇವು ತುಂಬಿಡುವ ರೂಢಿ ಕುಗ್ಗುತ್ತ ಬಂತು.

ಆಗ ಬಂದೆರಗಿದ್ದು ಧಾತು ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ. ನಂದನದ ಬರ, ಡೋಗಿ ಬರ ಎಂಬ ಹಳೆಯ ಹೆಸರುಗಳೂ ಈ ಸೀಮೆಗೆ ಅಪರಿಚಿತವಲ್ಲ. ಆದರೆ ಧಾತು ಈಶ್ವರದ ಮುಂದೆ ಅವೆಲ್ಲ ಮಂಕಾದುವು. ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಇಲ್ಲಿಯ ಜನರಲ್ಲಿ ಐದನೆಯ ಒಂದು ಪಾಲಿನಷ್ಟು ಮಂದಿ ಅಳಿದರೆಂದು ಅಂದಾಜು. ಮದ್ರಾಸು ಸರ್ಕಾರ ಮೊದಲಿಗೆ 30,000 ಟನ್ ಧಾನ್ಯವನ್ನು ತಾನೇ ಕೊಂಡು ತರಿಸಿತು. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ಸಿದ್ಧಾಂತಕ್ಕೆ ಕಟ್ಟುಬಿದ್ದ ಭಾರತ ಸರ್ಕಾರ ಅದನ್ನು ಮೆಚ್ಚಲಿಲ್ಲ. 1877ರ ಜನವರಿಯಲ್ಲಿ ಕ್ಷಾಮದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು ಹಣ ಮತ್ತು ಮೇಲೆ ಅರ್ಧಾಣೆ ಸಾಕೆಂದು ಗೊತ್ತುಮಾಡಿದನು. ಕಲ್ಲು ಒಡೆಯುವ ದೇಹಕ್ಕೆ ಇಷ್ಟು ಸಾಲದೆಂದು ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಪಟ್ಟುಹಿಡಿದು ವಾದಿಸಿದರು. ಕೆಲವು ತಿಂಗಳುಗಳ ತರುವಾಯ ಕೂಲಿ ಹೆಚ್ಚಿತೇನೋ ನಿಜ. ಆ ತಿಂಗಳುಗಳಲ್ಲಿ ಸತ್ತವರು ಮರಳಿ ಬರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ವರ್ಷಗಳಲ್ಲಿ ರೈಲುಗಳು ಧಾನ್ಯ ಹೊತ್ತು ಬರುತ್ತಲೇ ಇದ್ದುವು. ಅಂಗಡಿಯಲ್ಲಿ ಜೋಳ ಇದ್ದರೂ ಅದನ್ನು ಕೊಳ್ಳುವ ಕಾಸು ರೈತಕೂಲಿಯ ಕೈಯಲ್ಲಿ ಇರಲಿಲ್ಲ. ಅನ್ನ ಇಲ್ಲದಿರುವುದು ಬೇರೆ, ಅನ್ನದ ಮೇಲೆ ಹಕ್ಕಿಲ್ಲದಿರುವುದು ಬೇರೆ ಎಂಬುದನ್ನು 1943ರ ಬಂಗಾಳದ ಕ್ಷಾಮವನ್ನು ಮುಂದಿಟ್ಟುಕೊಂಡು ಅಮರ್ತ್ಯ ಸೇನ್ ಅವರು 1981ರಲ್ಲಿ ಶಾಸ್ತ್ರೀಯವಾಗಿ ಪ್ರತಿಪಾದಿಸಿದರು. ಬಳ್ಳಾರಿಯ ಬಡವರು ಅದನ್ನು ನೂರು ವರ್ಷ ಮೊದಲೇ ಮೈಮೇಲೆ ಅನುಭವಿಸಿದ್ದರು.

ಪವಿತ್ರ ಗ್ರಂಥದ ಜೋಸೆಫನ ಕಥೆಯನ್ನು ನಾವು ಧರ್ಮೋಪದೇಶದಲ್ಲಿ ಮಕ್ಕಳಿಗೆ ಹೇಳುವಾಗ ಏಳು ಸಮೃದ್ಧಿಯ ವರ್ಷ, ಏಳು ಬರದ ವರ್ಷ, ದೂರದೃಷ್ಟಿಯ ಕಣಜ ಇಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ. ಆದಿಕಾಂಡದ 47ನೆಯ ಅಧ್ಯಾಯವನ್ನು ಪೂರ್ತಿ ಓದಿದವರು ಕಡಮೆ. ಆ ಕಣಜದಿಂದ ಧಾನ್ಯ ಪಡೆಯಲು ಈಜಿಪ್ಟಿನ ಜನ ಮೊದಲು ಹಣ ಕೊಟ್ಟರು, ಹಣ ಮುಗಿದಾಗ ದನಕರು ಕೊಟ್ಟರು, ಆಮೇಲೆ ಹೊಲ ಕೊಟ್ಟರು, ಕಟ್ಟಕಡೆಗೆ ತಮ್ಮನ್ನೇ ಫರೋಹನಿಗೆ ಒಪ್ಪಿಸಿಕೊಂಡರು. ಜೀವ ಉಳಿಯಿತು, ಹೊಲ ಹೋಯಿತು. ಬರದ ನಂತರದ ಬಳ್ಳಾರಿ ಜಿಲ್ಲೆಯ ರೈತನಿಗೆ ಈ ಅಧ್ಯಾಯಕ್ಕೆ ಭಾಷ್ಯ ಬರೆದುಕೊಡುವ ಅಗತ್ಯವಿರಲಿಲ್ಲ.

ಆದ್ದರಿಂದ ಈ ಕ್ಷಾಮದ ಕೊನೆಯ ಭಾಗದಲ್ಲಿ ನಡೆದ ಒಂದು ಸತ್ಕಾರ್ಯ ನನಗೆ ವಿಶೇಷವಾಗಿ ಕಾಣುತ್ತದೆ. 1877ರ ಆಗಸ್ಟಿನಲ್ಲಿ ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕನ ಮನವಿಗೆ ಓಗೊಟ್ಟು ಲಂಡನ್ನಿನ ಲಾರ್ಡ್ ಮೇಯರ್ ಒಂದು ನಿಧಿಯನ್ನು ತೆರೆದನು. ಮ್ಯಾನ್ಷನ್ ಹೌಸ್ ನಿಧಿಯೆಂದು ಹೆಸರಾದ ಅದಕ್ಕೆ ಸಾಮಾನ್ಯ ಜನ ಕೊಟ್ಟ ಕಾಣಿಕೆ ಆರು ಲಕ್ಷ ಪೌಂಡುಗಳಿಗೂ ಮಿಕ್ಕಿತು. ಗಂಜಿಯ ಹೊಣೆ ಸರ್ಕಾರದ್ದೆಂದು ಬಗೆದು, ಈ ನಿಧಿಯ ದೊಡ್ಡ ಪಾಲನ್ನು ಸ್ಥಳೀಯ ಸಮಿತಿಗಳ ಮೂಲಕ ಸಣ್ಣ ರೈತರಿಗೆ ಬಿತ್ತನೆಯ ಬೀಜ, ಎತ್ತು, ಗುಡಿಸಲಿನ ಹೊದಿಕೆ ಇವುಗಳಿಗಾಗಿ ಕೊಡಲಾಯಿತು. ಹಸಿದವನ ಹೊಟ್ಟೆಯ ಜೊತೆಗೆ ಅವನ ಹೊಲವನ್ನೂ ಉಳಿಸಬೇಕೆಂಬ ವಿವೇಕ ಅದರಲ್ಲಿತ್ತು. ಆದರೆ ಅದು ಒಮ್ಮೆ ಬಂದು ಹೋದ ದಾನ. ಮರುವರ್ಷದ ಬಿತ್ತನೆಗೆ ರೈತ ಮತ್ತೆ ಸಾಹುಕಾರನ ಜಗಲಿಗೇ ಹೋದನು. ಸರ್ಕಾರ 1883 ಮತ್ತು 1884ರ ಕಾಯಿದೆಗಳಿಂದ ತಗಾವಿ ಸಾಲದ ಏರ್ಪಾಟು ಮಾಡಿತಾದರೂ ಅರ್ಜಿ, ಜಾಮೀನು, ಕಚೇರಿಯ ಅಲೆದಾಟಗಳನ್ನು ದಾಟುವ ಶಕ್ತಿ ಎರಡೆಕರೆಯವನಿಗೆ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಮದ್ರಾಸು ಸರ್ಕಾರ 1892ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿಗೆ ಕಳುಹಿಸಿತು. ಆತನ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು. ಸಾವಿರ ಮಾತಿನ ಸಾರವಾಗಿ ಆತ ಹೇಳಿದ್ದು, ಈ ದೇಶಕ್ಕೆ ಬೇಕಾಗಿರುವುದು ರೈಫೈಸನ್ನನಂಥವರು ಎಂದು.

ಈ ರೈಫೈಸನ್ ಯಾರು? ಜರ್ಮನಿಯ ವೆಸ್ಟರ್‌ವಾಲ್ಡ್ ಎಂಬ ಬಡ ಗುಡ್ಡಗಾಡಿನಲ್ಲಿ ವೈಯರ್‌ಬುಷ್ ಎಂಬ ಊರಿನ ಮೇಯರ್. ಪ್ರೊಟೆಸ್ಟೆಂಟ್ ಸಭೆಯ ಭಕ್ತ. 1846-47ರ ಚಳಿಗಾಲದಲ್ಲಿ ಬೆಳೆ ಹಾಳಾಗಿ ಊರು ಹಸಿದಾಗ ಅವನು ಅನುಕೂಲಸ್ಥರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಊರಲ್ಲೇ ರೊಟ್ಟಿಯ ಒಲೆ ಕಟ್ಟಿಸಿ, ಬಡವರಿಗೆ ಕಡಮೆ ಬೆಲೆಗೆ, ಮುಂದೆ ತೀರಿಸುವ ಮಾತಿನ ಮೇಲೆ ರೊಟ್ಟಿ ಕೊಟ್ಟನು. ಅದಕ್ಕೆ ರೊಟ್ಟಿಯ ಸಂಘವೆಂದು ಹೆಸರು. ಜಗತ್ತಿನಾದ್ಯಂತ ಹರಡಿದ ಗ್ರಾಮೀಣ ಸಹಕಾರದ ಮೂಲ ಒಂದು ರೊಟ್ಟಿಯ ಒಲೆ ಎಂಬುದು ನನಗೆ ಸೋಜಿಗದ, ಸಂತೋಷದ ಸಂಗತಿ. ಆದರೆ ಉಳ್ಳವರು ಇಲ್ಲದವರಿಗಾಗಿ ನಡೆಸುವ ಸಂಘ ಉಳ್ಳವರ ಉತ್ಸಾಹ ಇರುವವರೆಗೆ ಮಾತ್ರ ಎಂದು ಆತ ಅನುಭವದಿಂದ ಅರಿತನು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಬೇಕಾದವರೇ ಸದಸ್ಯರಾಗಿರುವ ಸಂಘವನ್ನು ಕಟ್ಟಿದನು. ಅದರ ನಿಯಮಗಳು ಸರಳ: ಸಂಘ ಒಂದು ಊರಿನ ಮೇರೆಯನ್ನು ದಾಟಬಾರದು, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ, ಆಸ್ತಿಗಿಂತ ನಡತೆಯೇ ಜಾಮೀನು, ಆಡಳಿತ ನಡೆಸುವವರಿಗೆ ಸಂಬಳವಿಲ್ಲ, ಉಳಿತಾಯವಾದರೆ ಯಾರೂ ಹಂಚಿಕೊಳ್ಳದೆ ಸಂಘದ ನಿಧಿಗೇ ಸೇರಿಸಬೇಕು. ಲಾಭಕ್ಕಲ್ಲದ ಸಂಸ್ಥೆ ಎಂದು ಇಂದು ನಾವು ಬಳಸುವ ಮಾತಿನ ಅರ್ಥ ಇದರಲ್ಲಿ ಪೂರ್ಣವಾಗಿದೆ.

ನಿಕಲ್ಸನ್ನನ ವರದಿಯ ಬೆಳಕಿನಲ್ಲಿ 1904ರ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರ ಮೇ 8ರಂದು, ನಮ್ಮ ಕನ್ನಡ ನಾಡಿನ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಒಂದು ಕೃಷಿ ಸಹಕಾರಿ ಸಂಘ ನೋಂದಣಿಯಾಯಿತು. ದೇಶದ ಪ್ರಥಮ ಕೃಷಿ ಸಹಕಾರಿ ಸಂಘವೆಂದು ಅದು ಪ್ರಸಿದ್ಧ. ಪಾಟೀಲರು ಸಾಲ ಬೇಕಾದವರಾಗಿರಲಿಲ್ಲ. ಊರ ಗೌಡರು, ಉಳ್ಳವರು. ಬಡರೈತರನ್ನು ಬಡ್ಡಿಯ ಬಾಯಿಂದ ಬಿಡಿಸಬೇಕೆಂದು ಮುಂದೆ ಬಂದವರು. ಕಣಗಿನಹಾಳವೂ ನಮ್ಮಂಥದೇ ಎರೆಸೀಮೆ, ಧಾತು ಈಶ್ವರವನ್ನು ಕಂಡ ಊರು. ಅದು ಆಗ ಮುಂಬಯಿ ಆಧಿಪತ್ಯದಲ್ಲಿ, ನಾವು ಮದ್ರಾಸಿನಲ್ಲಿ ಇದ್ದೆವು, ಅಷ್ಟೆ. ಕರಾವಳಿಯಲ್ಲಿ 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರದ ದೀಪ ಹಚ್ಚಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ಪಿ.ಎಫ್.ಎಕ್ಸ್. ಸಲ್ಡಾನ್ಹಾರ ನೇತೃತ್ವದಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿದರು.

ಕಥೋಲಿಕರ ಮಾತು ಬಂದುದರಿಂದ ಒಬ್ಬ ಗುರುವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಕನ್ನಡ ನಾಡಿಗೆ ದೂರದವರಾದರೂ ಅವರು ನಡೆದದ್ದು ಇದೇ ದಾರಿಯಲ್ಲಿ. ಯೇಸುಸಭೆಯ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಎಂಬ ಜರ್ಮನ್ ಗುರುಗಳು ಛೋಟಾನಾಗಪುರದ ಮುಂಡಾ ಆದಿವಾಸಿಗಳ ನಡುವೆ ಬಾಳಿದವರು. ಭೂಮಿ ಕಳೆದುಕೊಂಡವನಿಗೆ ಧರ್ಮೋಪದೇಶದ ಜೊತೆಗೆ ಕಾಯಿದೆಯೂ ಬೇಕೆಂದು ಅರಿತು, 1908ರ ಛೋಟಾನಾಗಪುರ ಗೇಣಿ ಕಾಯಿದೆಯ ರಚನೆಗೆ ನೆರವಾದರು. ಮರುವರ್ಷವೇ, 1909ರಲ್ಲಿ, ರಾಂಚಿಯಲ್ಲಿ ರೈಫೈಸನ್ ಮಾದರಿಯ ಕಥೋಲಿಕ ಸಹಕಾರಿ ಸಾಲ ಸಂಘವನ್ನು ಸ್ಥಾಪಿಸಿದರು. ಮುಂಡಾ ಭಾಷೆ ಮತ್ತು ಬದುಕಿನ ಮಹಾಕೋಶವನ್ನು ಬರೆದ ಪಂಡಿತರೂ ಅವರೇ. ಪ್ರಥಮ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಜರ್ಮನ್ ಪ್ರಜೆಯೆಂಬ ಒಂದೇ ಕಾರಣಕ್ಕೆ ಅವರು ಈ ದೇಶವನ್ನು ಬಿಡಬೇಕಾಯಿತು. ಅವರು ಹೋದ ಮೇಲೂ ಸಂಘ ಉಳಿಯಿತು. ಒಬ್ಬ ಗುರುವಿನ ಕೆಲಸವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ಧರ್ಮಸಭೆಗೆ ಇದು ಹೊಸ ವಿದ್ಯೆಯೂ ಆಗಿರಲಿಲ್ಲ. ಇಟಲಿಯಲ್ಲಿ 15ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿಸ್ಕನ್ ಗುರುಗಳು ಧಾನ್ಯದ ಭಂಡಾರಗಳನ್ನು ತೆರೆದಿದ್ದರು. ಬಿತ್ತನೆಗೆ ಬೀಜ ಕಡ ಕೊಟ್ಟು, ಕೊಯ್ಲಿನಲ್ಲಿ ಅಳತೆಗೆ ತುಸು ಮೇಲುಗಾಳು ಸೇರಿಸಿ ಮರಳಿ ಪಡೆಯುವುದು ಅವುಗಳ ಕ್ರಮ. ಮುಂದೆ 13ನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪರಾದ ಓರ್ಸಿನಿಯವರು 17ನೆಯ ಶತಮಾನದ ಕೊನೆಯಲ್ಲಿ ಬೆನೆವೆಂತೋ ಧರ್ಮಪ್ರಾಂತದಲ್ಲಿ ಇಂಥ ಭಂಡಾರವನ್ನು ನಡೆಸಿದರು. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ ಸ್ಥಾಪಿತವಾದಾಗ ಪ್ರಥಮ ಧರ್ಮಾಧ್ಯಕ್ಷರಾಗಿ ಬಂದ ಪರಮ ಪೂಜ್ಯ ಜಾನ್ ಫಾರೆಸ್ಟ್ ಹೋಗನ್ ಅವರೂ ಫ್ರಾನ್ಸಿಸ್ಕನರೇ. ಸಂತ ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಕೊಡುವ ನಮ್ಮ ರೂಢಿಗೂ, ಬೀಜದ ಆ ಭಂಡಾರಕ್ಕೂ ಮನೆತನ ಒಂದೇ.

ಆದರೆ ನಡೆದುಬಂದ ದಾರಿಯನ್ನು ಬರಿಯ ಹೊಗಳಿಕೆಯಲ್ಲಿ ಮುಗಿಸಿದರೆ ಚರಿತ್ರೆಗೆ ಅಪಚಾರವಾದೀತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಮ್ಮ ಮಿಶನ್‌ಗಳು ಹಸಿದವರಿಗೆ ಕೊಟ್ಟದ್ದರಲ್ಲಿ ಬಹುಪಾಲು ಹೊರಗಿನಿಂದ ಬಂದ ಗೋಧಿ, ಹಾಲಿನ ಪುಡಿ, ಎಣ್ಣೆ. 1954ರ ಅಮೆರಿಕದ ಪಿ.ಎಲ್. 480 ಕಾಯಿದೆಯ ಧಾನ್ಯ ಹಡಗಿನಲ್ಲಿ ಬಂದು, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಮೊದಲಾದ ಸಂಸ್ಥೆಗಳ ಮೂಲಕ ಹಳ್ಳಿಗಳನ್ನು ತಲಪುತ್ತಿತ್ತು. ಶಾಲೆಯಲ್ಲಿ ಕೊಡುತ್ತಿದ್ದ ಹಳದಿ ಬಣ್ಣದ 'ಕೇರ್ ಉಪ್ಪಿಟ್ಟಿ'ನ ರುಚಿ ನನ್ನ ವಯಸ್ಸಿನವರ ನಾಲಗೆಯ ಮೇಲೆ ಇನ್ನೂ ಇದೆ; ಅದನ್ನು ತಿಂದೇ ನಾನೂ ಅಕ್ಷರ ಕಲಿತೆ. ಆ ಉಪ್ಪಿಟ್ಟನ್ನು ಹೀಗಳೆಯಲು ನನಗೆ ನಾಲಗೆ ಬಾರದು. ಆದರೆ ಹಂಚುವ ಕೈ ನಮ್ಮದು, ಸಾಲಿನಲ್ಲಿ ನಿಲ್ಲುವುದು ಅವರದು ಎಂಬ ಅಭ್ಯಾಸ ಗುರುಗಳಿಗೂ ಜನರಿಗೂ ಅಂಟಿಕೊಂಡಿತು. ಹಡಗು ನಿಂತ ಮೇಲೂ ಆ ಅಭ್ಯಾಸ ಬೇಗ ಬಿಡಲಿಲ್ಲ. ಜಗದ್ಗುರು 23ನೆಯ ಜಾನ್ ಅವರು 1961ರ ತಮ್ಮ ಪರಿಪತ್ರದಲ್ಲಿ ರೈತರೇ ತಮ್ಮ ಏಳಿಗೆಯ ಕರ್ತೃಗಳಾಗಬೇಕು, ಅದಕ್ಕೆ ಸಹಕಾರ ಸಂಘಗಳು ಬೇಕು ಎಂದು ವಿಸ್ತಾರವಾಗಿ ಬೋಧಿಸಿದ್ದರು. 1962ರಲ್ಲಿ ಕಾರಿತಾಸ್ ಇಂಡಿಯಾ ಸ್ಥಾಪಿತವಾಯಿತು. ನಮ್ಮ ಧರ್ಮಪ್ರಾಂತದ ಸಮಾಜಸೇವಾ ಶಾಖೆ ಬಿ.ಡಿ.ಡಿ.ಎಸ್. ಇದೇ ಪಂಕ್ತಿಗೆ ಸೇರಿದ್ದು. ಬೋಧನೆ ಮುಂದೆ, ನಾವು ಹಿಂದೆ.

ಸಹಕಾರ ಸಂಘಗಳಾದರೋ ಆ ವೇಳೆಗೆ ತಮ್ಮದೇ ದಾರಿ ತಪ್ಪಿದ್ದುವು. 1954ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ಐವತ್ತು ವರ್ಷಗಳ ಸಹಕಾರದ ನಂತರವೂ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು. ಲೇವಾದೇವಿಯವರ ಪಾಲು ಎಪ್ಪತ್ತರಷ್ಟು. ಸಂಘಗಳನ್ನು ದೊಡ್ಡದು ಮಾಡಿ, ಸರ್ಕಾರದ ಬಂಡವಾಳ ಹಾಕಿದರೆ ಸರಿಹೋದೀತೆಂದು ಬಗೆದರು. ಹಣ ಬೆಳೆಯಿತು, ಊರಿನ ಮೇರೆ ಅಳಿಯಿತು, ಒಬ್ಬರ ಮುಖ ಒಬ್ಬರಿಗೆ ತಿಳಿಯದಾಯಿತು. ಎಲ್ಲ ಸಂಘಗಳೂ ಹಾಗೆಂದು ನಾನು ಹೇಳುತ್ತಿಲ್ಲ. ಗೊಬ್ಬರ, ಬೀಜ, ಪಡಿತರವನ್ನು ಪ್ರಾಮಾಣಿಕವಾಗಿ ತಲಪಿಸುತ್ತಿರುವ ಸಂಘಗಳನ್ನು ಕಣ್ಣಾರೆ ಕಂಡಿದ್ದೇನೆ. ಬೇರೆಯದನ್ನೂ ಕಂಡಿದ್ದೇನೆ.

ನಾನು ಹಿಂದೆ ಸೇವೆಯಲ್ಲಿದ್ದ ಒಂದು ಊರಿನಲ್ಲಿ ವೃದ್ಧ ರೈತನೊಬ್ಬ ಗುರುಮನೆಗೆ ನೋಟೀಸೊಂದನ್ನು ತಂದು ಓದಿಸಿಕೊಂಡನು. ಅವನು ಪಡೆಯದ ಸಾಲಕ್ಕೆ ಬಡ್ಡಿ ಸೇರಿಸಿ ಕಟ್ಟಬೇಕೆಂದು ಅದರಲ್ಲಿತ್ತು. ಗೊಬ್ಬರದ ಚೀಟಿಯೆಂದು ನಂಬಿ ಹೆಬ್ಬೆಟ್ಟು ಒತ್ತಿದ್ದನಂತೆ. ಲೆಕ್ಕ ಬರೆದವರು ಊರಿನಲ್ಲಿ ಗಣ್ಯರು, ನಮ್ಮ ಹಬ್ಬಗಳಿಗೆ ಕೈಬಿಚ್ಚಿ ಕೊಡುವವರು. ನಾನು ಇಬ್ಬರನ್ನೂ ಕರೆಸಿ ರಾಜಿ ಮಾಡಿಸಿದೆ. ಬಡ್ಡಿ ಬಿಟ್ಟರು, ಅಸಲನ್ನು ಅವನು ಒಂದು ಎತ್ತು ಮಾರಿ ಕಟ್ಟಿದನು. ಅಂದು ಅದು ಶಾಂತಿಯ ಕೆಲಸವೆಂದು ನನಗೆ ತೋರಿತ್ತು. ಅವನು ಹೋಗುವಾಗ ನನ್ನ ಕೈಗೆ ನಮಸ್ಕರಿಸಿ ಹೋದನು. ಆ ನಮಸ್ಕಾರವನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕೆ ನಾನು ಅರ್ಹನಾಗಿರಲಿಲ್ಲ.

ನಮ್ಮ ಸೀಮೆಗೆ ಹಿಂದಿರುಗೋಣ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷದ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕೆಳಮಟ್ಟದ ಕಾಲುವೆಯ ನೀರು ಎರೆಹೊಲಗಳನ್ನು ಮುಟ್ಟಿದಾಗ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಈಗ ಸಿರುಗುಪ್ಪದ ಅಕ್ಕಿ ದೂರದ ಊರುಗಳಿಗೆ ಹೋಗುತ್ತದೆ. ನಮ್ಮ ಮೆಣಸಿನಕಾಯಿ ಬ್ಯಾಡಗಿಯ ಪೇಟೆಗೆ ಹೋಗುತ್ತದೆ. ಧಾತು ಈಶ್ವರದಂಥ ಬರ ಮತ್ತೆ ಬರದಂತೆ ಕಾದದ್ದು ಈ ನೀರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರಿನೊಡನೆ ಭೂಮಿಯ ಬೆಲೆ ಏರಿತು. ಭತ್ತದ ಬೇಸಾಯ ಬಲ್ಲ, ಕೈಯಲ್ಲಿ ಹಣವುಳ್ಳ ರೈತರು ಆಂಧ್ರದಿಂದ ಬಂದು ಹೊಲ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಅವರ ಶ್ರಮವನ್ನು ಅಲ್ಲಗಳೆಯಲಾಗದು. ಮಾರಿದವರು ಯಾರು ಎಂದು ಮಾತ್ರ ಕೇಳಿಕೊಳ್ಳಬೇಕು: ಸಾಲ ತೀರಿಸಲು ಬೇರೆ ದಾರಿಯಿಲ್ಲದ ಸಣ್ಣ ರೈತರು ಎಷ್ಟೋ ಮಂದಿ ಅವರಲ್ಲಿದ್ದರು. ಮಾರಿದ ಹೊಲದಲ್ಲೇ ಕೆಲವರು ಮರುವರ್ಷ ನಾಟಿಯ ಕೂಲಿಗೆ ಇಳಿದರು. ಕಾಲುವೆಯ ಕೊನೆಯ ಭಾಗದವರಿಗಂತೂ ನೀರು ಎಂದರೆ ಕಾಯುವ ಕೆಲಸ.

ಅನ್ನದ ಹಕ್ಕಿನ ವಿಷಯದಲ್ಲಿ ಸರ್ಕಾರ ಮಾಡಿರುವುದು ಸಣ್ಣದೇನಲ್ಲ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2013ರಲ್ಲಿ ಅನ್ನಭಾಗ್ಯವೂ, ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ಬಂದುವು. ಅಕ್ಕಿ ಇಂದು ಭಿಕ್ಷೆಯಲ್ಲ, ಕಾಯಿದೆಯ ಹಕ್ಕು. ಟೆಂಪಲ್ಲನ ಒಂದು ಪೌಂಡಿನಿಂದ ನಾವು ಬಹುದೂರ ಬಂದಿದ್ದೇವೆ. ಜೋಳ ಬೆಳೆಯುವ ಸೀಮೆಯ ಮಕ್ಕಳು ಜೋಳದ ರೊಟ್ಟಿ ಬಿಟ್ಟು ಅಕ್ಕಿಗೆ ಒಗ್ಗಿಕೊಂಡರೆಂಬ ಹಿರಿಯರ ಗೊಣಗಾಟ ಬೇರೆ ಮಾತು. ಉಳಿದಿರುವುದು ಬೆಳೆಯುವವನ ಪ್ರಶ್ನೆ. ರಾಜ್ಯ ಸರ್ಕಾರ ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದ ಬೆಳೆಸಾಲ ಕೊಡುತ್ತದೆ, ಆದರೆ ಪಹಣಿಯಲ್ಲಿ ಹೆಸರಿರುವವನಿಗೆ. 1974ರ ಭೂಸುಧಾರಣೆ ಗೇಣಿಯನ್ನು ರದ್ದುಮಾಡಿತು. ಅದು ನ್ಯಾಯವೇ ಆಗಿತ್ತು. ಆದರೆ ಗುತ್ತಿಗೆಗೂ ಕೋರಿಗೂ ಹೊಲ ಮಾಡುವುದು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಇಂದು ನಮ್ಮ ಸುತ್ತಿನಲ್ಲಿ ಭತ್ತ ಬೆಳೆಯುವ ಎಷ್ಟೋ ಮಂದಿಗೆ ಹೊಲದ ಕಾಗದವಿಲ್ಲ, ಆದ್ದರಿಂದ ಸಂಘದ ಸಾಲವಿಲ್ಲ, ಬೆಳೆ ಹೋದರೆ ಪರಿಹಾರವೂ ಇಲ್ಲ. ಅವರಿಗೆ ಗೊಬ್ಬರದಂಗಡಿಯ ಉದ್ದರಿಯೇ ಗತಿ. ಬೆಳೆಯನ್ನು ಅಲ್ಲಿಗೇ ಹಾಕಬೇಕೆಂಬ ಕರಾರೂ ಅದರ ಜೊತೆಗೆ. ಮನ್ರೋನ ಕಾಲದ ಕಿಸ್ತು ಹೋಗಿದೆ. ಕಣದಲ್ಲಿಯೇ ಮಾರುವ ನಿರ್ಬಂಧ ಹೋಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ನಾಟಿ ಮಾಡಿದ ಹೊಲಗಳವರು ಆ ವಾರವೆಲ್ಲ ನಿದ್ದೆಗೆಟ್ಟರು. ತಾತ್ಕಾಲಿಕ ಗೇಟನ್ನು ಇಳಿಸುವವರೆಗೆ ಹರಿದುಹೋದ ನೀರನ್ನು ಎಲ್ಲರೂ ಟಿ.ಎಂ.ಸಿ.ಗಳಲ್ಲಿ ಎಣಿಸಿದರು. ಗುತ್ತಿಗೆಯ ರೈತನೊಬ್ಬ ನನ್ನ ಬಳಿ ಬಂದು ಎಣಿಸಿದ್ದು ಅಂಗಡಿಯ ಬಾಕಿಯನ್ನು.

ದೊಡ್ಡ ಸಂಘಗಳು ಮುರಿದ ಕಡೆ ಸಣ್ಣ ಸಂಘಗಳು ಹುಟ್ಟಿದುದೂ ಕರ್ನಾಟಕದ್ದೇ ಚರಿತ್ರೆ. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಮೈರಾಡ ಸಂಸ್ಥೆ ಮುಂದೆ ಹಳ್ಳಿಯ ಬಡವರ ಕೆಲಸಕ್ಕೆ ಇಳಿಯಿತು. 1984-85ರ ಸುಮಾರಿಗೆ ಅದು ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಜನ ತಮ್ಮಷ್ಟಕ್ಕೆ ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳಾಗಿ ಕೂಡಿಕೊಂಡರು. ಸಾಲವನ್ನು ಸಂಸ್ಥೆಗೆ ತೀರಿಸುವ ಬದಲು ಆ ಗುಂಪುಗಳಿಗೇ ಕಟ್ಟುತ್ತೇವೆಂದರು. ಆಲೋಶಿಯಸ್ ಫೆರ್ನಾಂಡಿಸರ ಮುಂದಾಳತ್ವದಲ್ಲಿ ಮೈರಾಡ ಅದನ್ನು ಒಪ್ಪಿ ಬೆಳೆಸಿತು. 1992ರಲ್ಲಿ ನಬಾರ್ಡ್ ಇಂಥ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ಇಂದು ಊರೂರಿನಲ್ಲಿರುವ ಸ್ವಸಹಾಯ ಸಂಘಗಳ ವಂಶಾವಳಿ ಇದು. ಅದರ ನಿಯಮಗಳನ್ನು ಓದಿದರೆ ಹೆಡ್ಡೆಸ್‌ಡಾರ್ಫ್‌ನ ನಿಯಮಗಳ ನೆನಪಾಗದಿರದು. ಸಣ್ಣ ಸಾಲಗಳ ಖಾಸಗಿ ಕಂಪನಿಗಳು ಇದೇ ಗುಂಪಿನ ಹೊಣೆಯನ್ನು ವಸೂಲಿಯ ಆಯುಧ ಮಾಡಿಕೊಂಡು ಹೆಂಗಸರನ್ನು ಕಾಡಿದ ಕಥೆಯೂ ಇದರ ಪಕ್ಕದಲ್ಲಿಯೇ ಇದೆ. ಉಳಿತಾಯ ಯಾರ ನಿಧಿಗೆ ಸೇರುತ್ತದೆಂಬುದೇ ಎರಡಕ್ಕೂ ಇರುವ ವ್ಯತ್ಯಾಸ.

ನಮ್ಮ ಧರ್ಮಕೇಂದ್ರದ ತಾಯಂದಿರ ಸಂಘವೊಂದರ ಸಭೆಯಲ್ಲಿ ನಾನು ಆಗಾಗ ಒಂದು ಮೂಲೆಯಲ್ಲಿ ಕೂರುತ್ತೇನೆ. ಮಾತನಾಡಬಾರದೆಂದು ನನಗೆ ನಾನೇ ವಿಧಿಸಿಕೊಂಡಿದ್ದೇನೆ. ಸಭೆ ಮುಗಿಯುವ ಮುನ್ನ ಆ ದಿನದ ಲೆಕ್ಕವನ್ನು ಗಟ್ಟಿಯಾಗಿ ಓದುವುದು ಅವರ ರೂಢಿ. ಅಲ್ಲಿ ಓದುಬರಹ ಬಾರದ ಒಬ್ಬ ಅಜ್ಜಿ ಇದ್ದಾರೆ. ಓದಿದ್ದನ್ನು ಮತ್ತೊಮ್ಮೆ ಓದಿಸುತ್ತಾರೆ. ಯಾರು ಎಷ್ಟು ಪಡೆದರು, ಯಾರಿಂದ ಎಷ್ಟು ಬಂತು ಎಂದು ಬೆರಳ ಗೆಣ್ಣಿನಲ್ಲಿ ಎಣಿಸಿಕೊಳ್ಳುತ್ತಾರೆ. ಕಳೆದ ಬಾರಿ ಮೊತ್ತ ನಲವತ್ತು ರೂಪಾಯಿ ಕಡಮೆ ಬಂದಿತ್ತು. ಮೂರನೆಯ ಸಲ ಓದಿದಾಗ ತಪ್ಪು ಸಿಕ್ಕಿತು. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಎಲ್ಲರ ಎದುರಿಗೆ ಸಹಿ ಮಾಡಿದ ನಂತರವೇ ಅವರು ಹೆಬ್ಬೆಟ್ಟು ಒತ್ತಿದರು.